ಬೇಳೆ ಬೇಯದ ನೀರಿನ ಊರಿಂದ

ಟಾಪ್ ಲೋಡ್ ವಾಷಿಂಗ್ ಮಶೀನಿನ ಜೊತೆ ಬರುವ ಪುಸ್ತಕ ಬರೆದ ಮಹನೀಯರಿಗೆ,

ಇತ್ತ ದಿಬ್ಬೂರಹಳ್ಳಿಯಲ್ಲಿ ನಾವೆಲ್ಲ ಕ್ಷೇಮ. ಮಶೀನಿನ ಕ್ಷೇಮ ಸಮಾಚಾರ ತಿಳಿಸಲೆಂದೇ ಈ ಕಾಗದ.

ನಿಮ್ಮ ಪುಸ್ತಕವನ್ನು ನಾನು ಮೂರು ಸಲ ಓದಿದ್ದೇನೆ. ಮಶೀನು ಬಂದ ದಿನ ಖುಷಿಗೆ ಒಮ್ಮೆ, ಅದು ನಿಂತ ದಿನ ಗಾಬರಿಗೆ ಒಮ್ಮೆ, ರೇಷ್ಮೆಹುಳ ಪೊರೆ ಕಳಚುವ ನಾಲ್ಕನೇ ಜ್ವರಕ್ಕೆ ಕೂತು ಸೊಪ್ಪು ಹಾಕುವ ಕೆಲಸ ಇಲ್ಲದಿದ್ದಾಗ ಇನ್ನೊಮ್ಮೆ. ಇಂಗ್ಲಿಷ್ ಪುಟಗಳನ್ನು ಮಗಳ ಸಹಾಯದಿಂದ ಓದಿದೆ, ಹಿಂದಿ ಪುಟಗಳನ್ನು ಚಿತ್ರಗಳ ಸಹಾಯದಿಂದ. ಕನ್ನಡದ ಪುಟಗಳು ಬೈಂಡ್ ಮಾಡುವಾಗ ಎಲ್ಲೋ ಬಿದ್ದುಹೋಗಿರಬೇಕು. ಸಿಕ್ಕರೆ ಕಳಿಸಿಕೊಡಿ.

ನಮ್ಮದು ಶಿಡ್ಲಘಟ್ಟ ತಾಲ್ಲೂಕು, ರೇಷ್ಮೆ ಸೀಮೆ. ಇಲ್ಲಿ ಮನೆಗೆ ಬರುವ ದೊಡ್ಡ ಸಾಮಾನಿಗೆಲ್ಲ ಒಂದೊಂದು ಬೆಳೆಯ ಲೆಕ್ಕ ಇರುತ್ತದೆ. ಟೀವಿ ಆ ಬೆಳೆಯದ್ದು, ಗೋಡ್ರೇಜು ಈ ಬೆಳೆಯದ್ದು. ಒಂದು ಸಲ ಗೂಡಿನ ಮಾರುಕಟ್ಟೆಯಲ್ಲಿ ರೇಟು ಕೈಹಿಡಿಯಿತು. ಅದೇ ಹೊತ್ತಿಗೆ ನನ್ನ ಸೊಂಟ ಕೈಬಿಟ್ಟಿತ್ತು. ಎರಡೂ ಸೇರಿ ಮಶೀನು ಬಂತು. ಅಂಗಡಿಯ ಹುಡುಗ, "ಫುಲ್ಲಿ ಆಟೊಮ್ಯಾಟಿಕ್ ಅಕ್ಕಾ. ಗುಂಡಿ ಒತ್ತಿ ತೋಟಕ್ಕೆ ಹೋಗಿ ಸೊಪ್ಪು ಕೊಯ್ಕೊಂಡು ಬನ್ನಿ. ಬರೋ ಹೊತ್ತಿಗೆ ಬಟ್ಟೆ ಹಿಂಡಿ ಇಟ್ಟಿರ್ತದೆ" ಅಂದ. ಗುಂಡಿ ಒತ್ತಿ ಹೋದೆ. ಎರಡು ಹೊರೆ ಸೊಪ್ಪು ತಂದು ಇಳಿಸಿ ನೋಡಿದರೆ ಬಟ್ಟೆ ಒಣಗಿಕೊಂಡೇ ಕೂತಿತ್ತು. ಮಶೀನು 'ಐಇ' ಎಂಬ ಎರಡಕ್ಷರ ತೋರಿಸಿಕೊಂಡು ಮಿಣಿಮಿಣಿ ಅನ್ನುತ್ತಿತ್ತು.

ನಿಮ್ಮ ಪುಸ್ತಕದ ಪ್ರಕಾರ ಹಾಗೆಂದರೆ ನೀರು ಬರುತ್ತಿಲ್ಲ. ಈ ವಿಷಯ ಮಶೀನಿಗೆ ಅರ್ಧ ಗಂಟೆಯೊಳಗೆ ಗೊತ್ತಾಯಿತಲ್ಲ ಎಂದು ನಮಗೆ ಆಶ್ಚರ್ಯ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಘ್ನಿ ಎಲ್ಲ ಹುಟ್ಟುವುದು ನಮ್ಮ ಜಿಲ್ಲೆಯಲ್ಲೇ. ಹುಟ್ಟುತ್ತವೆ, ಅಷ್ಟೇ. ಎತ್ತಿನಹೊಳೆಯ ನೀರು ಕೋಲಾರಕ್ಕೂ ಚಿಕ್ಕಬಳ್ಳಾಪುರಕ್ಕೂ ಹರಿಯುತ್ತದೆಂದು 2014ರಲ್ಲಿ ಅಡಿಗಲ್ಲು ಹಾಕಿದರು. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಹತ್ತಿರ ಮೊದಲ ಹಂತ ಉದ್ಘಾಟನೆಯಾಯಿತು. ನಿಮ್ಮ ಮಶೀನಾದರೆ ಅರ್ಧ ಗಂಟೆಗೇ ಕೈಚೆಲ್ಲಿ ಕೂಗಿಕೊಳ್ಳುತ್ತದೆ. ನಾವು ಇನ್ಲೆಟ್ ತೆರೆದಿಟ್ಟುಕೊಂಡು ವರ್ಷಗಟ್ಟಲೆ ಕೂತಿದ್ದೇವೆ, ಒಂದು ಬೀಪ್ ಕೂಡ ಮಾಡಿಲ್ಲ. ಈ ತಾಳ್ಮೆಯನ್ನು ಮುಂದಿನ ಮಾಡೆಲ್ಲಿಗೆ ಹಾಕುವುದಾದರೆ ತೂಕ ಎಷ್ಟಾಗಬಹುದು?

ನಲ್ಲಿಯ ಒತ್ತಡ ಕನಿಷ್ಠ 0.05 ಮೆಗಾಪ್ಯಾಸ್ಕಲ್ ಇರಬೇಕು ಎಂದಿದ್ದೀರಿ. ಹತ್ತು ಮೀಟರ್ ಎತ್ತರದ ನೀರಿಗೆ ಹೆಚ್ಚುಕಮ್ಮಿ 0.1 ಬರುತ್ತದೆಂದು ಮಗಳು ವಿಜ್ಞಾನದ ಪುಸ್ತಕ ನೋಡಿ ಹೇಳಿದಳು. ಅಂದರೆ ಮಶೀನಿನ ತಲೆ ಮೇಲೆ ಹದಿನಾರಡಿ ಎತ್ತರಕ್ಕೆ ತೊಟ್ಟಿ ಬೇಕು. ನಮ್ಮ ಸಿಂಟೆಕ್ಸು ಬಚ್ಚಲ ತಾರಸಿ ಮೇಲಿದೆ, ನಾಲ್ಕಡಿ ಆದರೆ ಹೆಚ್ಚು. ಮಿಕ್ಕ ಹನ್ನೆರಡಡಿಯನ್ನು ನಾನು ಬಿಂದಿಗೆಯಲ್ಲಿ ತುಂಬಿಸುತ್ತೇನೆ, ಮುಚ್ಚಳ ಎತ್ತಿ ನೇರವಾಗಿ ಒಳಕ್ಕೆ. ಟಾಪ್ ಲೋಡ್ ಅನ್ನುವುದು ಇದಕ್ಕೇ ಇರಬೇಕು.

ಒತ್ತಡದ ಮಾತು ಹಾಗಿರಲಿ, ನೀರಿನ ವಿಷಯಕ್ಕೆ ಬರೋಣ. ಪುಸ್ತಕದ ಒಂದು ಮೂಲೆಯಲ್ಲಿ, ಓದಬಾರದೆಂದೇ ಅಚ್ಚು ಹಾಕಿದಷ್ಟು ಸಣ್ಣ ಅಕ್ಷರದಲ್ಲಿ, 'ಮೆದು ನೀರು ಬಳಸಿ' ಎಂದಿದೆ. ಸ್ವಾಮೀ, ನಮ್ಮ ನೀರು ಸಾವಿರ ಅಡಿ ದಾಟಿದ ಬೋರಿನಿಂದ ಬರುತ್ತದೆ. ಅಷ್ಟು ಆಳದ ಬಂಡೆಯ ಸಂದಿಯಲ್ಲಿ ಕೂತ ನೀರು ಬಂಡೆಯ ಗುಣವನ್ನೇ ಕಲಿತು ಮೇಲೆ ಬರುತ್ತದೆ. ಕುಡಿಯುವ ನೀರಿನ ಗಡಸು ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 600ರ ತನಕ ಸೈ ಎಂದು ಭಾರತೀಯ ಮಾನಕ ಬ್ಯೂರೋ ಹೇಳುತ್ತದೆ. ನಮ್ಮಲ್ಲಿ ಅಳೆಯುವ ಮೀಟರು ಬೇರೆ. ಈ ನೀರಲ್ಲಿ ತೊಗರಿಬೇಳೆ ಬೇಯುವುದಿಲ್ಲ, ಕುಕ್ಕರು ಎಂಟು ಸಲ ಕೂಗಿದರೂ ಕಾಳು ಕಾಳಾಗಿ ಉಳಿಯುತ್ತದೆ. ಬೇಳೆಯನ್ನೇ ಬಿಗಿ ಮಾಡುವ ಕ್ಯಾಲ್ಸಿಯಂ ನಿಮ್ಮ ಸೋಪಿನ ಪುಡಿಯನ್ನು ಬಿಡುತ್ತದೆಯೇ? ಅಳತೆ ಲೋಟದ ಗೆರೆಯವರೆಗೆ ಹಾಕಿದರೆ ನೊರೆಯೇ ಏಳುವುದಿಲ್ಲ. ಅದರ ಅರ್ಧ ಪುಡಿ ನೀರಿನ ಜೊತೆ ಜಗಳವಾಡಿಯೇ ಸುಸ್ತಾಗುತ್ತದೆ. ಉಳಿದರ್ಧ ಬಟ್ಟೆಗೆ. ನಮ್ಮವರ ಬಿಳಿ ಪಂಚೆ ಆರು ತಿಂಗಳಲ್ಲಿ ರಾಗಿ ಅಂಬಲಿ ಬಣ್ಣಕ್ಕೆ ಬಂತು.

ನಮ್ಮತ್ತೆಗೆ ಇದು ಮೊದಲೇ ಗೊತ್ತಿತ್ತು. ಅವರ ಕಾಲದಲ್ಲಿ ಮಡಿವಾಳರು ಚೌಳು ಮಣ್ಣು ತಂದು ಬಟ್ಟೆ ನೆನೆಹಾಕಿ, ಕೆರೆ ನೀರಲ್ಲಿ ಒಗೆಯುತ್ತಿದ್ದರಂತೆ. ಚೌಳಿನಲ್ಲಿರುವುದು ಸೋಡಾ. ನೀರಿನ ಕ್ಯಾಲ್ಸಿಯಮ್ಮನ್ನು ಅದು ತಳಕ್ಕೆ ಕೂರಿಸುತ್ತದೆ, ಆಮೇಲೆ ಕೊಳೆ ಸುಮ್ಮನೆ ಬಿಡುತ್ತದೆ. ನೀವು ಪುಡಿಗೆ ಬೆರೆಸಿ, ಬಣ್ಣದ ಚುಕ್ಕೆ ಹಾಕಿ, ಪೊಟ್ಟಣ ಕಟ್ಟಿ ಮಾರುವುದೂ ಅದನ್ನೇ. ಅಂದಹಾಗೆ, ನಿಮ್ಮ ಪುಡಿಯ ಮಲ್ಲಿಗೆ ವಾಸನೆ ಹುಳಕ್ಕೆ ಆಗುವುದಿಲ್ಲವೆಂದು ಅತ್ತೆ ಹಟ ಹಿಡಿದು ಮಶೀನನ್ನು ಹುಳಮನೆಯ ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ. ಹಿತ್ತಲ ಬಚ್ಚಲಿನ ಪಕ್ಕ ಕಲ್ಲು ಚಪ್ಪಡಿಯ ಮೇಲೆ ನಿಲ್ಲಿಸಿದೆವು. ಚಪ್ಪಡಿ ಎಡಕ್ಕೆ ಒಂಚೂರು ಇಳುಕಲು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನೀರಿನ ಲೆಕ್ಕವನ್ನೂ ಕೇಳಿ. ಜಲಜೀವನ್ ಯೋಜನೆಯಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್. ನಿಮ್ಮ ಮಶೀನು ಒಂದೇ ಉಸಿರಿಗೆ ನೂರು ಲೀಟರ್ ದಾಟಿಸುತ್ತದೆ. ಸರ್ಕಾರದ ಲೆಕ್ಕದಲ್ಲಿ ಅದು ಇಬ್ಬರು ಮನುಷ್ಯರು. ರೇಷನ್ ಕಾರ್ಡಿಗೆ ಸೇರಿಸೋಣವೆಂದರೆ ಬೆರಳಚ್ಚು ಇಲ್ಲ. ಅದಕ್ಕೇ ಅತ್ತೆ ಜಾಲಾಡಿದ ನೀರನ್ನು ಹಿಡಿದಿಡಲು ಹೊರಟರು. ಹೊರಹೋಗುವ ಪೈಪನ್ನು ಎತ್ತಿ ಡ್ರಮ್ಮಿನ ಬಾಯಿಗೆ ಇಟ್ಟರು. ಈ ಮಶೀನಿನಲ್ಲಿ ನೀರೆತ್ತುವ ಪಂಪಿಲ್ಲ, ನೀರು ತಾನಾಗಿ ಕೆಳಕ್ಕೆ ಇಳಿಯಬೇಕು. ಪೈಪು ಮೇಲಾಯಿತು, ನೀರು ಒಳಗೇ ನಿಂತಿತು, ಮತ್ತೆ ಎರಡಕ್ಷರ, ಮತ್ತೆ ಕೂಗು. ಈಗ ನೆಲ ಅಗೆದು ಗುಂಡಿಯಲ್ಲಿ ಟಬ್ಬು ಹೂತಿದ್ದೇವೆ. ಅತ್ತೆ ಅದರ ಪಕ್ಕ ಮಣೆ ಹಾಕಿಕೊಂಡು ಚೊಂಬಿನಲ್ಲಿ ಮೊಗೆದು ಡ್ರಮ್ಮಿಗೆ ತುಂಬುತ್ತಾರೆ. ಒಳಕ್ಕೆ ಸುರಿಯಲು ಸೊಸೆ, ಹೊರಕ್ಕೆ ಮೊಗೆಯಲು ಅತ್ತೆ. ಫುಲ್ಲಿ ಆಟೊಮ್ಯಾಟಿಕ್ ಅಂದರೆ ಹೀಗಿರಬೇಕು.

ಬೆಂಗಳೂರಿನವರಿಗೆ ಈ ರಗಳೆ ಇಲ್ಲ. ಅವರ ಮಶೀನಿನ ನೀರು ಮೋರಿಗೆ ಬೀಳುತ್ತದೆ, ಮೋರಿಯಿಂದ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ, ಅಲ್ಲಿಂದ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಕೊಳವೆ ಹತ್ತಿ ನಮ್ಮ ಜಿಲ್ಲೆಗೆ ಬರುತ್ತದೆ. ಒಟ್ಟು 65 ಕೆರೆಗಳ ಯೋಜನೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆ ತುಂಬಿದ್ದೂ ಹೀಗೇ. ಕೆರೆಯಿಂದ ಅಂತರ್ಜಲಕ್ಕೆ, ಅಂತರ್ಜಲದಿಂದ ಬೋರಿಗೆ, ಬೋರಿನಿಂದ ಬಟ್ಟೆಗೆ. ಮಾರತ್ತಹಳ್ಳಿಯ ಸಾಫ್ಟ್‌ವೇರಿನವರು ಒಗೆದ ನೀರಲ್ಲೇ ನಾವೂ ಒಗೆಯುವ ಭಾಗ್ಯ ಎಂದು ನಾನಂದೆ. ಮಾರತ್ತಹಳ್ಳಿ ಆ ಕಣಿವೆಗೆ ಬರುವುದಿಲ್ಲ, ಅದು ಕೋಲಾರದವರ ಪಾಲು ಎಂದು ಮಗಳು ತಿದ್ದಿದಳು. ಇರಲಿ, ಕೋಲಾರದವರೂ ನಮ್ಮವರೇ, 2007ರ ತನಕ ಒಂದೇ ಜಿಲ್ಲೆಯಲ್ಲಿದ್ದೆವು. ಆದರೆ ನಿಮ್ಮ ಮಶೀನಿಗೆ ಒಗೆ, ಜಾಲಾಡು, ಹಿಂಡು ಎಂದು ಮೂರು ಹಂತ. ನಮಗೆ ಬರುವ ನೀರಿಗೆ ಎರಡೇ ಹಂತದ ಶುದ್ಧೀಕರಣ. ಮೂರನೆಯದೂ ಬೇಕೆಂದು ಶಾಶ್ವತ ನೀರಾವರಿ ಹೋರಾಟ ಸಮಿತಿ ಕೇಳುತ್ತಲೇ ಇದೆ. ಗುಂಡಿ ಎಲ್ಲಿದೆ, ಯಾರು ಒತ್ತಬೇಕು ಎಂಬುದು ನಿಮ್ಮ ಪುಸ್ತಕದಲ್ಲೇನಾದರೂ ಉಂಟೋ ಎಂದು ಹುಡುಕಿದೆ. ಇಲ್ಲ.

ಇನ್ನು ರಿಪೇರಿಯ ಕಥೆ. ಒಂದು ಸೋಮವಾರ ಮಶೀನು ನೀರು ತುಂಬಿಕೊಂಡು ಗುಂಯ್ ಅಂತು, ತಿರುಗಲಿಲ್ಲ. 'ಅಧಿಕೃತ ಸೇವಾ ಕೇಂದ್ರವನ್ನು ಸಂಪರ್ಕಿಸಿ' ಎಂದಿದ್ದೀರಿ. ಸಂಪರ್ಕಿಸಿದೆವು. ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ. ನಮ್ಮತ್ತೆ ಸಿಟ್ಟು ಬಂದರೆ ತೆಲುಗಿಗೆ ಇಳಿಯುವವರು, ಅವರಿಗೆ ಒತ್ತಲು ಯಾವ ನಂಬರೂ ಉಳಿದಿರಲಿಲ್ಲ. ಒಂಬತ್ತನೇ ದಿನ ಬ್ಯಾಗು ಹಾಕಿಕೊಂಡು ಒಬ್ಬರು ಬಂದರು. ಮುಚ್ಚಳ ಎತ್ತಿದರು, ಇಣುಕಿದರು, "ಬೋರ್ಡ್ ಹೋಗಿದೆ" ಅಂದರು. ಹೊಸ ಬೋರ್ಡಿಗೆ ಹೇಳಿದ ದುಡ್ಡು ಕೇಳಿ ನಮ್ಮವರು ಜಗಲಿ ಮೇಲೆ ಕೂತುಬಿಟ್ಟರು. ವಾರಂಟಿ ಇದೆಯಲ್ಲ ಎಂದರೆ, "ನಿಮ್ಮ ನೀರು ಗಡಸು ಮೇಡಂ, ಗಡಸು ನೀರಿಗೆ ವಾರಂಟಿ ಬರಲ್ಲ" ಅಂದರು. ಮಾರುವಾಗ ಬಂದಿತ್ತಲ್ಲ ಸ್ವಾಮಿ, ಇದೇ ಊರಿಗೆ, ಇದೇ ನೀರಿಗೆ.

ಕೊನೆಗೆ ಪೇಟೆಯಿಂದ ಮಿಕ್ಸಿ, ಫ್ಯಾನು, ಮೋಟರು ಎಲ್ಲ ನೋಡುವ ಹುಡುಗನನ್ನು ಕರೆಸಿದೆವು. ಅವನು ಬಂದವನೇ ಮಶೀನಿನ ಹೊಟ್ಟೆಗೆ ಕಿವಿ ಕೊಟ್ಟ. "ಕೆಪಾಸಿಟರ್ ಅಕ್ಕಾ" ಅಂದ. ನನಗೆ ನನ್ನ ಮೇಲೇ ನಾಚಿಕೆಯಾಯಿತು. ಸಿಂಗಲ್ ಫೇಸ್ ಮೋಟರಿಗೆ ತಾನಾಗಿ ಹೊರಡಲು ಬರುವುದಿಲ್ಲ, ಕೆಪಾಸಿಟರ್ ಮೊದಲ ತಳ್ಳು ಕೊಡಬೇಕು. ಅದು ಸತ್ತರೆ ಮೋಟರು ಗುಂಯ್ ಅನ್ನುತ್ತದೆಯೇ ಹೊರತು ತಿರುಗುವುದಿಲ್ಲ. ಮೋಟರಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಇದನ್ನು ನೋಡದ ಮಕ್ಕಳು ನಮ್ಮೂರಲ್ಲಿಲ್ಲ. ಹುಡುಗ ಮೊದಲು ಪ್ಲಗ್ಗು ಕಿತ್ತ, ಹಳೇ ಕೆಪಾಸಿಟರಿನ ಎರಡು ಕಾಲಿಗೆ ಟೆಸ್ಟ್ ಬಲ್ಬಿನ ವೈರು ಮುಟ್ಟಿಸಿ ಉಳಿದ ಕರೆಂಟು ಇಳಿಸಿದ, ಆಮೇಲೆ ಕೈ ಹಾಕಿದ. ಹೊಸದಕ್ಕೆ ಕೆಲವೇ ನೂರು ರೂಪಾಯಿ. ಮಶೀನು ತಿರುಗಿತು.

"ಬಂದಿದ್ದೀನಿ, ಇದನ್ನೂ ನೋಡಿಬಿಡ್ತೀನಿ" ಎಂದು ತಳದಲ್ಲಿ ಬಟ್ಟೆ ತಿರುಗಿಸುವ ತಟ್ಟೆಯ ನಡುವಿನ ಸ್ಕ್ರೂ ಬಿಚ್ಚಿದ. ತಟ್ಟೆ ಕಚ್ಚಿಕೊಂಡಿತ್ತು. ಎರಡು ಕಡೆ ಹಗ್ಗ ತೂರಿಸಿ ಎಳೆದಾಗ ಪಟಕ್ಕನೆ ಬಂತು. ಅದರಡಿ ಮಡಕೆಯ ಒಳಗೆ ಕಟ್ಟುವಂಥ ಬಿಳಿ ಕಿಟ್ಟ, ಉಗುರಿನಷ್ಟು ದಪ್ಪ. ನಡುವೆ ನೂಲು, ಕೂದಲು, ಎರಡು ಸೇಫ್ಟಿ ಪಿನ್ನು, ಐದು ರೂಪಾಯಿಯ ಮೂರು ಕಾಯಿನ್ನು. ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿದರೆ ನೀರು ಬರುತ್ತದೆ. ಮಶೀನೂ ಅದನ್ನೇ ನಂಬಿ ಕಾಯಿನ್ ನುಂಗಿ ಒಳ್ಳೇ ನೀರಿಗೆ ಕಾಯುತ್ತಿತ್ತೋ ಏನೋ.

2022ರ ಡಿಸೆಂಬರ್ 24ರಂದು ಕೇಂದ್ರ ಸರ್ಕಾರ 'ರಿಪೇರಿಯ ಹಕ್ಕು' ಎಂದು ಪೋರ್ಟಲ್ ತೆರೆಯಿತಂತೆ. ಗೃಹೋಪಯೋಗಿ ಸಾಮಾನು ಮಾಡುವವರು ರಿಪೇರಿಯ ಮಾಹಿತಿಯನ್ನು ಅಲ್ಲಿ ಕೊಡಬೇಕೆಂಬುದು ಆಶಯ. ಒಳ್ಳೆಯದು. ನಮ್ಮ ಹಕ್ಕು ಮಾತ್ರ ಅಂದು ಹಿತ್ತಲಲ್ಲಿ ಸ್ಕ್ರೂಡ್ರೈವರ್ ಹಿಡಿದು ಕುಕ್ಕರಗಾಲಲ್ಲಿ ಕೂತಿತ್ತು.

ನಿಮ್ಮ ಮುಂದಿನ ಮುದ್ರಣಕ್ಕೆ ಒಂದು ಪುಟ ನಾನೇ ಬರೆದುಕೊಡುತ್ತೇನೆ, ಸಂಭಾವನೆ ಬೇಡ. ನೀರು ನಿಧಾನವಾದರೆ ನಲ್ಲಿ ಕಟ್ಟಿ, ಹಿಂದಿನ ಪೈಪು ಬಿಚ್ಚಿ. ಅದರ ಬಾಯಲ್ಲಿ ಹೆಬ್ಬೆರಳಿನಷ್ಟು ಜಾಲರಿ ಇರುತ್ತದೆ. ಇಕ್ಕಳದಲ್ಲಿ ಮೆಲ್ಲಗೆ ಎಳೆದು, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ. ಬೋರಿನ ಮರಳು, ಕಿಟ್ಟ ಎಲ್ಲ ಅಲ್ಲೇ ಇರುತ್ತದೆ. ಒಳಗಿನ ನೂಲು ಹಿಡಿಯುವ ಚೀಲವನ್ನು ಪ್ರತಿ ಸಲ ಕೊಡವಿ. ಎರಡು ತಿಂಗಳಿಗೊಮ್ಮೆ ಬಟ್ಟೆ ಹಾಕದೆ, ಬಿಸಿನೀರಿಗೆ ಕಾಲು ಕಿಲೋ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಕರಗಿಸಿ ಸುರಿದು, ಸ್ವಲ್ಪ ತಿರುಗಿಸಿ, ಒಂದೆರಡು ಗಂಟೆ ನೆನೆಯಲು ಬಿಟ್ಟು ಮತ್ತೆ ಓಡಿಸಿ. ಒಳಗೆ ಸೋಡಾ ಬಾಟಲಿಯ ಹಾಗೆ ಬುಸುಗುಡುತ್ತದೆ, ಹೆದರಬೇಡಿ, ಕಿಟ್ಟ ಬಿಡುತ್ತಿದೆ ಎಂದರ್ಥ. ಹೆದರಬೇಕಾದ್ದು ಬೇರೆ: ಹುಳಮನೆಗೆ ತಂದ ಬ್ಲೀಚಿಂಗ್ ಪೌಡರನ್ನು ಅದೇ ನೀರಿಗೆ ಯಾರೂ ಹಾಕಕೂಡದು. ಹುಳಿಯ ಜೊತೆ ಅದು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ನಮ್ಮ ಸೀಮೆಯಲ್ಲಿ ಮನೆಮನೆಯಲ್ಲೂ ಮೂಟೆ ಇರುವುದರಿಂದ ಈ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿ. ಕನ್ನಡದಲ್ಲಿ.

ಹುಳ ಹಣ್ಣಾಗುತ್ತಿದೆ, ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಇಲ್ಲಿಗೆ ಮುಗಿಸುತ್ತೇನೆ.

ಇಂತಿ,
ದಿಬ್ಬೂರಹಳ್ಳಿಯ ಒಬ್ಬ ಗ್ರಾಹಕಿ

ವಿ.ಸೂ.: ಚಪ್ಪಡಿಯ ಇಳುಕಲಿನಿಂದ ಹಿಂಡುವಾಗ ಮಶೀನು ಹಿತ್ತಲೆಲ್ಲ ಕುಣಿಯುತ್ತಿತ್ತು. ಕಾಲಿನ ಸ್ಕ್ರೂ ತಿರುಗಿಸಿ ಸಮ ಮಾಡಿ ಎಂದು ಬರೆದಿದ್ದೀರಿ. ಎಡಗಾಲಿನದು ತುಕ್ಕು ಹಿಡಿದು ಕೂತುಬಿಟ್ಟಿದೆ. ಅದಕ್ಕೇ ನಿಮ್ಮ ಪುಸ್ತಕವನ್ನು ಎರಡು ಮಡಿಕೆ ಮಾಡಿ, ಹಾಲಿನ ಪ್ಯಾಕೆಟ್ಟಿನ ಕವರಿನಲ್ಲಿ ಸುತ್ತಿ ಕಾಲಿನಡಿ ಇಟ್ಟಿದ್ದೇವೆ. ಈಗ ಅಲ್ಲಾಡುತ್ತಿಲ್ಲ.