ಕೆಂಚನ ಬಗರ್‌ಹುಕುಂ

ಮಲೆನಾಡಿನಲ್ಲಿ ಡೇರೆ ಹೂವಿನ ಗಡ್ಡೆಯನ್ನು ದುಡ್ಡು ಕೊಟ್ಟು ತರುವವರು ಕಡಿಮೆ. ಮದುವೆಗೋ ತಿಥಿಗೋ ನೆಂಟರ ಮನೆಗೆ ಹೋದ ಹೆಂಗಸರು ಊಟ ಮುಗಿಸಿ ಅಂಗಳಕ್ಕಿಳಿದು, “ಈ ಬಣ್ಣದ್ದು ನಮ್ಮಲ್ಲಿ ಇಲ್ಲೆ” ಎಂದರೆ ಸಾಕು. ಹೊರಡುವಾಗ ಕೈಚೀಲದ ತಳದಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ಗಡ್ಡೆಯೊಂದು ಸೇರಿಕೊಂಡಿರುತ್ತದೆ. ಹೀಗೆ ಸಂಪಾದಿಸಿದ್ದನ್ನೆಲ್ಲ ಅಮ್ಮ ಮಳೆಗಾಲಕ್ಕೆ ಮುಂಚೆ ಮಣ್ಣು ಸಡಿಲಿಸಿ, ಸಗಣಿ ಗೊಬ್ಬರ ಹಾಕಿ, ಒಂದೊಂದಕ್ಕೂ ಕೋಲು ಹುಗಿದು ಊರುತ್ತಾಳೆ. ರಾತ್ರಿ ನಮ್ಮ ನಾಯಿ ಕೆಂಚ ಬಂದು ಕೆಲಸ ಸರಿಯಾಗಿದೆಯೇ ಎಂದು ಪರಿಶೀಲಿಸುತ್ತಾನೆ. ಬೆಳಗ್ಗೆ ನೋಡಿದರೆ ಕೋಲು ನಿಂತಲ್ಲೇ ನಿಂತಿರುತ್ತದೆ, ಗಡ್ಡೆ ಮೆಟ್ಟಿಲ ಮೇಲಿರುತ್ತದೆ. ಅವನು ತಿನ್ನುವುದಿಲ್ಲ, ಕಚ್ಚುವುದೂ ಇಲ್ಲ. ಬರೀ ತೆಗೆದಿಡುತ್ತಾನೆ. ಅಮ್ಮನಿಗೆ ಸಿಟ್ಟು ಬರುವುದೇ ಇದಕ್ಕೆ. ತಿಂದಿದ್ದರೆ ಹಸಿವು ಅಂತಲಾದರೂ ಬಿಡಬಹುದಿತ್ತಂತೆ.

ಕೆಂಚ ಜಾತಿನಾಯಿಯಲ್ಲ. ಜರ್ಮನಿಯವರು ಬಿಲದೊಳಗಿನ ಬ್ಯಾಜರನ್ನು ಹಿಡಿಯಲೆಂದೇ ಡ್ಯಾಶ್‌ಹಂಡ್ ಸಾಕಿದರು. ಅದು ನೆಲ ಕೆದರಿದರೆ ಕುಲಕಸುಬು ಎನ್ನಬಹುದು. ನಮ್ಮ ಮುಧೋಳದ ನಾಯಿಯದು ಕಣ್ಣಿಗೆ ಬಿದ್ದದ್ದನ್ನು ಅಟ್ಟಿಸಿಕೊಂಡು ಹೋಗುವ ವಂಶ. ಓಡಿ ಓಡಿ 2005ರಲ್ಲಿ ಅಂಚೆಚೀಟಿಯ ಮೇಲೂ ಹತ್ತಿತು. ಕೆಂಚನ ಅಪ್ಪ ಯಾರೆಂದು ಊರಿನ ಹಿರಿಯರಿಗೂ ಹೇಳಲಾಗದು. ಆದರೂ ಅಗೆಯುವ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಬೇಸಿಗೆಯಲ್ಲಿ ಒಂದು ಗೇಣು ಅಗೆದರೆ ಕೆಳಗಿನ ಮಣ್ಣು ತಂಪು, ಅಲ್ಲಿ ಹೊಟ್ಟೆ ಊರಿ ಮಲಗಿದರೆ ಸುಖ ಎನ್ನುವುದು ಬೀದಿನಾಯಿಗೂ ಗೊತ್ತು. ಉಂಡು ಮಿಕ್ಕಿದ್ದನ್ನು ಹೂತಿಡುವುದು ತೋಳಗಳ ಕಾಲದಿಂದ ಬಂದ ಉಳಿತಾಯ ಖಾತೆ. ಇವೆಲ್ಲ ಇಲ್ಲದಿದ್ದರೂ, ಹೊತ್ತು ಹೋಗದ ನಾಯಿಗೆ ಆಗಷ್ಟೇ ಸಡಿಲಿಸಿದ ಮಣ್ಣು ಕಂಡರೆ ಕಾಲು ಸುಮ್ಮನಿರುವುದಿಲ್ಲ. ಅಮ್ಮ ಹದ ಮಾಡುವುದೂ ಅದನ್ನೇ.

ನಾಯಿ ಸಾಕದವರ ಬಳಿ ಸಲಹೆಗಳು ಹೆಚ್ಚು. ಮೆಣಸಿನ ಪುಡಿ ಚೆಲ್ಲಿ ಎಂದರು ಒಬ್ಬರು. ಗಾಳಿ ತಿರುಗಿ ಮನೆಮಂದಿಯೆಲ್ಲ ಸೀನಿದೆವು. ಕೆಂಚ ಆಚೆ ಬದಿಯಲ್ಲಿ ಹೊಸ ಗುಂಡಿ ತೋಡಿದ. ನಿಂಬೆಸಿಪ್ಪೆ ಹಾಕಿದೆವು, ಮೂಸಿ ದಾಟಿದ. ಅವನ ಮಲವನ್ನೇ ಗುಂಡಿಗೆ ಹಾಕಿ ಮುಚ್ಚಿ ಎಂದರು ಮತ್ತೊಬ್ಬರು. ಈ ಉಪಾಯ ನಿಜಕ್ಕೂ ಫಲಿಸುತ್ತದೆ, ಆದರೆ ಆ ಒಂದು ಗುಂಡಿಗೆ ಮಾತ್ರ. ಎಲುಬಿನ ಪುಡಿ ಹಾಕಿದರೆ ಹೂವು ದೊಡ್ಡದಾಗುತ್ತದೆ ಎಂದ ಚಿಕ್ಕಮ್ಮನ ಮಾತನ್ನು ಮಾತ್ರ ಅಮ್ಮನೇ ತಳ್ಳಿಹಾಕಿದಳು. ನಾಯಿ ಇರುವ ಮನೆಯಲ್ಲಿ ಮಣ್ಣಿಗೆ ಎಲುಬು ಬೆರೆಸುವುದೆಂದರೆ ಎಲೆ ಹಾಕಿ ಊಟಕ್ಕೆ ಕರೆದಂತೆಯೇ.

ನಡುವೆ ಒಂದು ಮಾತು, ಇದರಲ್ಲಿ ತಮಾಷೆ ಇಲ್ಲ. ಗಿಡಗಳಿಗೆಂದು ಕೆಲವರು ಹರಳು ಹಿಂಡಿ ಹಾಕುತ್ತಾರೆ. ಹರಳು ಬೀಜದಲ್ಲಿ ರಿಸಿನ್ ಎಂಬ ಘೋರ ವಿಷವಿದೆ. ಎಣ್ಣೆ ತೆಗೆದರೂ ಅದು ಹಿಂಡಿಯಲ್ಲೇ ಉಳಿಯುತ್ತದೆ. ನಾಯಿಗೆ ಆ ವಾಸನೆ ಹಿಡಿಸುತ್ತದೆ, ತಿಂದರೆ ಜೀವಕ್ಕೇ ಸಂಚಕಾರ. ಹಿಂಡಿ ಬೇಕೇ ಬೇಕೆಂದರೆ ಬೇವಿನದು ವಾಸಿ.

ನಾಯಿಗೂ ನೆಲಕ್ಕೂ ಇರುವ ಸಂಬಂಧ ಕನ್ನಡಿಗರಿಗೆ ಹೊಸದಲ್ಲ. ಮದ್ದೂರಿನ ಹತ್ತಿರದ ಆತಕೂರಿನಲ್ಲಿ ಹತ್ತನೇ ಶತಮಾನದ ಶಾಸನವೊಂದು ಸಿಕ್ಕಿತು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಪ್ರಕಾರ, ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರ ಎಂಬ ವೀರ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಕಾಡುಹಂದಿಯೊಡನೆ ಸೆಣಸಿ ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಗೊರವ, ಅಂದರೆ ಪೂಜಾರಿ, ಉಣ್ಣಕೂಡದೆಂದು ಕಟ್ಟು ಮಾಡಿದರು.

ನಮ್ಮ ತೋಟಕ್ಕೂ ಹಂದಿ ಬರುತ್ತದೆ. ಕೆಂಚ ಜಗಲಿಯ ಮೇಲೆ ನಿಂತು, ಬಾಗಿಲು ತೆರೆದಿದೆಯೇ ಎಂದು ಹಿಂದೆ ನೋಡಿಕೊಂಡು ಬೊಗಳುತ್ತಾನೆ. ಕಾಳಿಗೆ ಭೂಮಿ ಸಿಕ್ಕಿದ್ದು ಸತ್ತ ಮೇಲೆ. ಇವನು ಯಾವ ಹಂದಿಯನ್ನೂ ಮುಟ್ಟದೆ ಬದುಕಿರುವಾಗಲೇ ಸಾಗುವಳಿ ಆರಂಭಿಸಿದ್ದಾನೆ. ಊರಲ್ಲಿ ಬಗರ್‌ಹುಕುಂ ಜಮೀನಿಗೆಂದು ನಮೂನೆ 50, 53, 57 ಎಂದು ಅರ್ಜಿ ಕೊಟ್ಟು ತಾಲ್ಲೂಕು ಕಚೇರಿಗೆ ಅಲೆದು ಚಪ್ಪಲಿ ಸವೆಸಿದವರಿದ್ದಾರೆ. ಕೆಂಚ ಒಂದು ನಮೂನೆಯನ್ನೂ ತುಂಬಿಲ್ಲ.

ಕಡೆಗೆ ನಾವೂ ಸರ್ಕಾರದ ದಾರಿಯನ್ನೇ ಹಿಡಿದೆವು: ಅಕ್ರಮ–ಸಕ್ರಮ. ಹಿತ್ತಲಿನ ಹಲಸಿನ ನೆರಳಲ್ಲಿ, ಮನೆ ರಿಪೇರಿಯಲ್ಲಿ ಮಿಕ್ಕ ಮರಳನ್ನು ಸುರಿದು ಅವನ ಹೆಸರಿಗೆ ಬಿಟ್ಟೆವು. ಅವನು ಅಲ್ಲೇ ಅಗೆಯಲೆಂದು ಮೊದಮೊದಲು ಬಿಸ್ಕೆಟ್ಟು, ಹಗ್ಗದ ಗಂಟು, ಅವನು ಕದ್ದ ಅಪ್ಪಯ್ಯನ ಒಂಟಿ ಚಪ್ಪಲಿಯನ್ನು ನಾನೇ ಅದರೊಳಗೆ ಹೂಳಬೇಕಾಯಿತು. ಡೇರೆ ಪಾತಿಗೆ ಕೋಳಿಗೂಡಿನ ತಂತಿಬಲೆ ಹಾಸಿ, ಮೇಲೊಂದು ಪದರ ಮಣ್ಣು ಹರಡಿದೆವು. ಚಿಗುರು ಬಲೆಯ ಕಣ್ಣಿನಿಂದ ಮೇಲೆ ಬರುತ್ತದೆ, ಉಗುರಿಗೆ ಮಾತ್ರ ತಂತಿ ಹಿಡಿಸುವುದಿಲ್ಲ. ಜೊತೆಗೆ ಸಂಜೆ ಅವನನ್ನು ಕೆರೆ ಏರಿಯವರೆಗೆ ನಡೆಸಿಕೊಂಡು ಹೋಗುತ್ತೇನೆ. ದಣಿದ ನಾಯಿ ರಾತ್ರಿ ಪರಿಶೀಲನೆಗೆ ಏಳುವುದಿಲ್ಲ.

ಡೇರೆ ಈಗ ಮೊಳಕಾಲೆತ್ತರ ಬಂದಿದೆ. ಆದರೆ ಮೊನ್ನೆ ನೋಡಿದರೆ ಮರಳಿನ ಗಡಿ ಅಬ್ಬಲಿಗೆ ಸಾಲಿನ ಕಡೆಗೆ ಒಂದು ಮೊಳ ಸರಿದಿದೆ. “ಒತ್ತುವರಿ ಆಯ್ದು ನೋಡು” ಎಂದು ಅಮ್ಮ ದಿನಾ ನನ್ನನ್ನು ಕರೆದು ತೋರಿಸುತ್ತಾಳೆ. ಸರ್ವೆಗೆ ಹೋದಾಗ ಕೆಂಚ ಸರಿಯಾಗಿ ಗಡಿಯ ಮೇಲೇ ಮಲಗಿರುತ್ತಾನೆ.