ತಂತಿಗೊಂದು ಅಂತರಪಟ

ನಮ್ಮ ಮನೆಗೂ ಪಕ್ಕದ ರಾಯರ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡು ಗೋಡೆ. ಬೆಳಗಿನ ಕಾಫಿ ಲೋಟ ಇಡುವುದಕ್ಕೆಂದೇ ಅದರ ಮೇಲೊಂದು ಚಪ್ಪಡಿ. ಕಳೆದ ತಿಂಗಳು ಒಂದು ದಿನ ರಾಯರು ಅದರ ಮೇಲೆ ಲೋಟದ ಬದಲು ಕೇರೆಹಾವಿನಷ್ಟು ದಪ್ಪದ ತಂತಿಯ ಸುರುಳಿ ಇಟ್ಟರು.

"ಸ್ಪೀಕರ್ ಕೇಬಲ್ಲು ಸ್ವಾಮಿ. ರಾತ್ರಿ ಹಾಕಿ ಕೇಳಿದೆ. ಚೌಡಯ್ಯನವರ ಪಿಟೀಲು ಗೋಡೆ ಬಿಟ್ಟು ಈಚೆಗೆ ಬಂದು ಕೂತುಬಿಡ್ತು!"

ಬೆಲೆ ಕೇಳಿದೆ. ಹೇಳಿದರು. ನಾನು ಲೋಟ ಕೆಳಗಿಟ್ಟೆ.

ರಜಕ್ಕೆ ಬಂದಿದ್ದ ನಮ್ಮ ಅಕ್ಕನ ಮಗ ಹಿಂದೆಯೇ ನಿಂತಿದ್ದ. ಎಲೆಕ್ಟ್ರಾನಿಕ್ಸ್ ಓದುವ ಹುಡುಗ, ಬಾಯಿ ಸುಮ್ಮನಿರುವುದಿಲ್ಲ. "ಅಂಕಲ್, ಐದು ಮೀಟರ್ ದೂರಕ್ಕೆ ಮಾಮೂಲಿ ತಾಮ್ರದ ವೈರೇ ಸಾಕು. ವ್ಯತ್ಯಾಸ ಇದ್ರೆ ಅಳತೆಗೆ ಸಿಗಬೇಕಲ್ಲ?"

"ಉಪ್ಪಿಟ್ಟಿನ ರುಚಿ ನೋಡೋಕೆ ತಕ್ಕಡಿ ತರ್ತೀಯೇನೋ?" ಅಂದರು ರಾಯರು. ಮಾತು ನನಗೆ ಹಿಡಿಸಿತು. ಅವರ ಪಕ್ಷ ವಹಿಸಿದೆ. ಅದೇ ತಪ್ಪಾಯಿತು.

ಭಾನುವಾರ ರಾಯರ ಹಾಲಿನಲ್ಲಿ ಪರೀಕ್ಷೆ. ಮದುವೆಯಲ್ಲಿ ಅಂತರಪಟ ಹಿಡಿಯುವಂತೆ ಹಗ್ಗಕ್ಕೊಂದು ಹಳೇ ಸೀರೆ ಇಳಿಬಿಟ್ಟು ಹುಡುಗ ಅದರಾಚೆ ಕೂತ. ಈಚೆ ನಾನೂ ರಾಯರೂ. "ಒಂದು" ಅನ್ನುತ್ತಾನೆ, ಪಿಟೀಲು; "ಎರಡು" ಅನ್ನುತ್ತಾನೆ, ಮತ್ತೆ ಅದೇ ಪಿಟೀಲು. ಎಂಟು ಸುತ್ತೂ ಇಬ್ಬರಿಗೂ ಎರಡನೆಯದೇ ಚೆನ್ನಾಗಿತ್ತು. ಕಮಾನಿನ ಉಸಿರು ಕೂಡ ಕೇಳುತ್ತಿದೆ ಎಂದು ನಾನೇ ಒಂದು ವ್ಯಾಖ್ಯಾನ ಸೇರಿಸಿದೆ.

ಸೀರೆ ಸರಿಸಿದರೆ, ಎರಡು ಸಲವೂ ಇದ್ದದ್ದು ಹಳೇ ವೈರೇ! "ಎರಡು" ಅಂದಾಗಲೆಲ್ಲ ಪಾಪಿ ವಾಲ್ಯೂಮನ್ನು ಅರ್ಧ ಡೆಸಿಬೆಲ್‌ನಷ್ಟು ಏರಿಸಿದ್ದನಂತೆ. ಅಷ್ಟು ಸಣ್ಣ ಏರಿಕೆ ಕಿವಿಗೆ 'ಜೋರು' ಅಂತ ಕೇಳಿಸುವುದಿಲ್ಲ, 'ಚೆನ್ನಾಗಿದೆ' ಅಂತ ಕೇಳಿಸುತ್ತದೆ. ಇನ್ನು ಮೇಲೆ ಅಂಗಡಿಯಲ್ಲಿ ದುಬಾರಿ ಪೆಟ್ಟಿಗೆ ಕೇಳಿಸುವಾಗ ಅವರ ಕೈ ಎಲ್ಲಿದೆ ಅಂತ ನೋಡುತ್ತೇನೆ.

"ತಂತಿ ಹಾಳಾಗಲಿ. ಎಲ್‌ಪಿ ರೆಕಾರ್ಡಲ್ಲಿ ಡಿಜಿಟಲ್ ಬೆರೆತಿದ್ರೆ ಮಾತ್ರ ಪಲ್ಲವಿ ಮುಗಿಯೋದರೊಳಗೆ ಹೇಳ್ತೀನಿ" ಎಂದರು ರಾಯರು. ಹುಡುಗನ ಹತ್ತಿರ ಅದಕ್ಕೂ ಉತ್ತರವಿತ್ತು. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ರೆಕಾರ್ಡುಗಳೆಂದರೆ ಮೂಲ ಟೇಪಿನಿಂದ ನೇರ ಎಲ್‌ಪಿಗೆ ಇಳಿದವು, ಡಿಜಿಟಲ್ ಸೋಂಕಿಲ್ಲದವು ಎಂದು ರಸಿಕರು ದುಡ್ಡು ಸುರಿಯುತ್ತಿದ್ದರು. 2022ರಲ್ಲಿ ಕಂಪನಿಯ ಇಂಜಿನಿಯರುಗಳೇ ಬಾಯಿಬಿಟ್ಟರು: 2011ರಿಂದಲೇ ಹಲವು ರೆಕಾರ್ಡುಗಳಿಗೆ ನಡುವೆ ಒಂದು ಡಿಜಿಟಲ್ ಹಂತ ಇತ್ತು. ಆ ಹನ್ನೊಂದು ವರ್ಷ ಹೊಗಳಿದವರ ಕಿವಿ ಕೆಟ್ಟಿತ್ತು ಅನ್ನಲಾರೆ. ಕಿವಿ ಒಂಟಿಯಾಗಿ ಕಚೇರಿಗೆ ಹೋಗುವುದಿಲ್ಲ. ಕಣ್ಣು, ಜೇಬು, ರೆಕಾರ್ಡಿನ ರಟ್ಟಿನ ಮೇಲಿನ ಅಕ್ಷರ, ಎಲ್ಲ ಮುಂದಿನ ಸಾಲಿನಲ್ಲಿ ಜೊತೆಗೇ ಕೂತಿರುತ್ತವೆ.

ಗೆದ್ದ ಹುಡುಗನಿಗೆ ಕೋಡು ಬಂತು. ರಾಯರ ಮನೆಯಾಕೆ ಸಂಜೆಯ ಪಾಠಕ್ಕೆ ತಂಬೂರಿ ಶ್ರುತಿ ಮಾಡುತ್ತಿದ್ದರು. ಫೋನಿನ ಟ್ಯೂನರ್ ತೆರೆದು ಮುಂದೆ ಹಿಡಿದ. ಆಕೆ ಗಾಂಧಾರ ಹಾಡಿದರು. ಮುಳ್ಳು ಎಡಕ್ಕೆ ಹೋಗಿ ಕೆಂಪಾಯಿತು.

"ಆಂಟಿ, ಹದಿನಾಲ್ಕು ಸೆಂಟ್ ಕಡಿಮೆ."

ಆಕೆ ನಗಲೂ ಇಲ್ಲ. "ಮಂದ್ರದ ತಂತಿ ಮೀಟಿ, ಕಣ್ಣು ಮುಚ್ಚಿ ಕೇಳು ಮಗು. ಷಡ್ಜದೊಳಗೇ ಒಂದು ಗಾಂಧಾರ ಗುಂಯ್ ಅಂತಿದೆಯಾ? ನಾನು ಸೇರಿಸಿರೋದು ಅದಕ್ಕೆ."

ಹುಡುಗ ಕೇಳಿದ. ಇತ್ತು. ತಂತಿ ತಾನಾಗಿ ಹುಟ್ಟಿಸುವ ಆ ಗಾಂಧಾರ ಷಡ್ಜಕ್ಕಿಂತ 386 ಸೆಂಟ್ ಮೇಲೆ. ಫೋನಿಗೆ ಗೊತ್ತಿರುವುದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ ಪಿಯಾನೋ ಲೆಕ್ಕ, ಅಲ್ಲಿ ಅದು 400. ಫೋನು ಅಳೆದದ್ದೇನೋ ಸರಿಯೇ, ಗಜದಕೋಲಿನಲ್ಲಿ ಹಾಲು ಅಳೆದಿತ್ತು ಅಷ್ಟೆ. ಆಮೇಲೆ ಆಕೆ ಕುದುರೆಯ ಮೇಲೆ, ತಂತಿಯಡಿಯ ಜೀವಾಳದ ದಾರವನ್ನು ಕೂದಲೆಳೆಯಷ್ಟು ಸರಿಸಿದರು. ಇಡೀ ಹಾಲು ಝೇಂಕರಿಸಿತು. ಎಲ್ಲಿ ನಿಲ್ಲಿಸಬೇಕೆಂದು ಯಾರನ್ನೂ ಕೇಳಲಿಲ್ಲ.

ಅಂದಿನಿಂದ ಹುಡುಗ ಸ್ವಲ್ಪ ಮೆತ್ತಗಾದ. ರಾಯರ ಹಳೇ ವಾಲ್ವ್ ಆಂಪ್ಲಿಫೈಯರಿನ ಅಪಸ್ವರ ಶೇಕಡ 1, ತನ್ನದರದ್ದು 0.001 ಅಂತ ಕೊಚ್ಚಿಕೊಳ್ಳುತ್ತಿದ್ದವನು, ಈಗ ಅದನ್ನೇ ಬಿಡಿಸಿ ಹೇಳಿದ: ಆ ಒಂದರಲ್ಲಿ ಬಹುಪಾಲು ಎರಡನೆಯ ಹಾರ್ಮೋನಿಕ್, ಅಂದರೆ ನುಡಿಯುವ ಸ್ವರದ್ದೇ ಮೇಲಿನ ಸ್ಥಾಯಿ. ಬೆರೆತರೆ ತುಂಬು ದನಿ. ಯಾವ ಸ್ವರಸ್ಥಾನಕ್ಕೂ ಸರಿಯಾಗಿ ಒಗ್ಗದ ಏಳನೆಯದು ಚೂರೇ ಸೇರಿದರೂ ಕಿವಿಗೆ ಗೀರುತ್ತದೆ. ಮೀಟರು ಎರಡನ್ನೂ ಕೂಡಿ ಒಂದೇ ಅಂಕಿ ಕೊಡುತ್ತದೆ, ಯಾವ ವಿಷಯದಲ್ಲಿ ಫೇಲು ಅಂತ ಹೇಳದೆ ಒಟ್ಟು ಅಂಕ ಮಾತ್ರ ಬರೆದ ಮಾರ್ಕ್ಸ್ ಕಾರ್ಡಿನ ಹಾಗೆ.

ರಾಯರು ಆ ತಂತಿಯನ್ನೇನೂ ತೆಗೆದಿಲ್ಲ. "ನೋಡೋಕೆ ಲಕ್ಷಣವಾಗಿದೆ ಸ್ವಾಮಿ" ಅನ್ನುತ್ತಾರೆ. ಹೊಸದನ್ನು ಕೊಳ್ಳುವುದು ಮಾತ್ರ ನಿಂತಿದೆ. ಈಗ ಸಂಗೀತ ಇನ್ನೂ ಚೆನ್ನಾಗಿರಬೇಕು ಅನ್ನಿಸಿದಾಗಲೆಲ್ಲ ಗುಂಡಿಯನ್ನು ಅರ್ಧ ಡೆಸಿಬೆಲ್ ತಿರುಗಿಸುತ್ತಾರೆ. ತಿಂಗಳಾಯಿತು. ಚೌಡಯ್ಯನವರ ಪಿಟೀಲು ಗೋಡೆ ಬಿಟ್ಟು ಈಚೆಗೆ ಬಂದು, ಕಾಂಪೌಂಡೂ ದಾಟಿ, ನಮ್ಮ ಅಡುಗೆಮನೆಯಲ್ಲಿ ಕೂತಿದೆ.