ದೇವಾನಾಂಪ್ರಿಯ ಅಶೋಕ ಮಹಾರಾಜರಿಗೆ ಒಂದು ಬಹಿರಂಗ ಪತ್ರ

ಇವರಿಗೆ: ಮೌರ್ಯ ಸಾಮ್ರಾಟರು, ಬಂಡೆಗಲ್ಲು, ಮಸ್ಕಿ
ವಿಷಯ: ಹಳೆಯ ಬ್ಯಾಕಪ್ ಟೇಪಿನಿಂದ ಕಡತ ಮರಳಿ ಪಡೆಯಲು ಸಹಾಯ ಕೋರಿ
ಉಲ್ಲೇಖ: ತಮ್ಮ ಮಸ್ಕಿ ಶಾಸನ (ದಿನಾಂಕ ನಮೂದಾಗಿಲ್ಲ)

ಮಹಾಪ್ರಭುಗಳೇ,

ಸಿಂಧನೂರಿನಿಂದ ಬರೆಯುತ್ತಿದ್ದೇನೆ. ಹೇಳಬೇಕಾದದ್ದನ್ನು ತಾವು ಕಲ್ಲಿನಲ್ಲಿ ಕೊರೆಸಿ ಕೈ ತೊಳೆದುಕೊಂಡಿರಿ. ನಾವು ಮುಂದುವರಿದವರು, ಟೇಪಿನಲ್ಲಿ ಇಡುತ್ತೇವೆ. ಟೇಪು ಮೂವತ್ತು ವರ್ಷ ಬಾಳುತ್ತದೆಂದು ತಯಾರಿಸಿದವರ ಮಾತು. ಓದುವ ಡ್ರೈವು ಎಷ್ಟು ವರ್ಷ ಬಾಳುತ್ತದೆಂದು ಅವರು ಹೇಳಲಿಲ್ಲ, ನಾವು ಕೇಳಲೂ ಇಲ್ಲ.

ಈಚೆಗೆ ನಮ್ಮ ಕಚೇರಿಗೆ ಹೊಸ ಸಾಫ್ಟ್‌ವೇರ್ ಬಂತು. ಹಾರ, ಕಾಯಿ, ಪೇಢೆ ಎಲ್ಲ ಆಯಿತು. ಮರುವಾರವೇ ಮಸ್ಕಿ ಕಡೆಯ ರೈತರೊಬ್ಬರು ಬಂದು, ಎಂದೋ ತೀರಿಸಿದ ಬೆಳೆಸಾಲದ ಲೆಕ್ಕ ಕೇಳಿದರು. ಹೊಸ ಸಾಫ್ಟ್‌ವೇರಿನ ಪಾಲಿಗೆ ಅವರು ಹುಟ್ಟಿಯೇ ಇಲ್ಲ. "ಹಳೇದೆಲ್ಲ ಬ್ಯಾಕಪ್‌ನಾಗ ಭದ್ರ ಐತ್ರೀ" ಎಂದ ನಮ್ಮ ಕಂಪ್ಯೂಟರ್ ಹುಡುಗ. ಭದ್ರವಾಗಿಯೇ ಇತ್ತು, ಅಲಮಾರಿಯ ನೆತ್ತಿಯ ಮೇಲೆ, ರಟ್ಟಿನ ಡಬ್ಬಿಯಲ್ಲಿ. ಮೇಲೆ ಸ್ಕೆಚ್ ಪೆನ್ನಿನಲ್ಲಿ 'ಪೂರ್ತಿ ಬ್ಯಾಕಪ್, ಯಾರೂ ಮುಟ್ಟಬಾರದು' ಎಂದಿತ್ತು. ಆಜ್ಞೆಯನ್ನು ಎಲ್ಲರೂ ಚಾಚೂ ತಪ್ಪದೆ ಪಾಲಿಸಿದ್ದರು. ಯಾವ ವರ್ಷದ್ದು, ಯಾವ ಸಾಫ್ಟ್‌ವೇರಿನಿಂದ ತೆಗೆದದ್ದು ಎಂಬುದನ್ನು ಮಾತ್ರ ಬರೆದಿರಲಿಲ್ಲ.

ಈ ಎಲ್‌ಟಿಒ ಟೇಪುಗಳ ವಂಶಾವಳಿ ತಮಗೆ ತಿಳಿದಿರಲಿ. ಏಳನೆಯ ತಲೆಮಾರಿನವರೆಗೆ ಡ್ರೈವು ತನ್ನ ಅಪ್ಪನನ್ನೂ ಅಜ್ಜನನ್ನೂ ಓದುತ್ತಿತ್ತು. 2017ರಲ್ಲಿ ಬಂದ ಎಂಟನೆಯದು ಅಪ್ಪನನ್ನಷ್ಟೇ ಗುರುತು ಹಿಡಿಯುತ್ತದೆ. ನಮ್ಮ ಟೇಪು ಮುತ್ತಜ್ಜ. ಲಿಂಗಸುಗೂರಿನಲ್ಲಿ ಪರಿಚಯದವರೊಬ್ಬರ ಬಳಿ ಹಳೆಯ ಡ್ರೈವು ಸಿಕ್ಕಿತು. ಅದರ ಕೇಬಲ್ ಚುಚ್ಚಲು ನಮ್ಮ ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ. ಅವರ ಕಂಪ್ಯೂಟರನ್ನೇ ಹೊತ್ತು ತಂದೆವು.

ಕೊನೆಗೂ ಕಡತ ತೆರೆಯಿತು. ಅಂಕಿಗಳೆಲ್ಲ ನೆಟ್ಟಗಿದ್ದವು. ಹೆಸರುಗಳು ಯುನಿಕೋಡ್‌ಗಿಂತ ಮುಂಚಿನ ಕನ್ನಡ ಫಾಂಟಿನವು. ಆ ಫಾಂಟು ಈಗ ಯಾರ ಬಳಿಯೂ ಇಲ್ಲ. ತೆರೆಯ ತುಂಬ ಟೋಪಿ ಹಾಕಿದ, ಚುಕ್ಕಿ ಇಟ್ಟ ಪರದೇಶಿ ಅಕ್ಷರಗಳು. ರೈತರು ಕನ್ನಡಕ ಏರಿಸಿ ನೋಡಿ, "ಇದ್ರಾಗ ನನ್ನ ಹೆಸ್ರು ಯಾವುದ್ರೀ ಸಾಹೇಬ್ರ?" ಎಂದರು.

ತಮ್ಮ ನೆನಪಾದದ್ದು ಆಗಲೇ. ತಮ್ಮ ಕಲ್ಲಿಗೂ ಏನೂ ಆಗಿರಲಿಲ್ಲ, ಬ್ರಾಹ್ಮಿ ಓದುವವರು ಇಲ್ಲವಾಗಿದ್ದರು, ಅಷ್ಟೇ. 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಓದಿದರೂ ಸಿಕ್ಕಿದ್ದು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳು. ಅವು ಯಾರವೆಂದು ಸಿಂಹಳದ ಪುರಾತನ ಗ್ರಂಥಗಳಲ್ಲಿ ಹುಡುಕಬೇಕಾಯಿತು. ಗಣಿ ಇಂಜಿನಿಯರ್ ಸಿ. ಬೀಡನ್ 1915ರಲ್ಲಿ ಮಸ್ಕಿಯ ಬಂಡೆಯನ್ನು ಕಂಡಾಗಲೇ ಬಿರುದಿನ ಪಕ್ಕ 'ಅಶೋಕ' ಎಂಬ ಹೆಸರು ಸಿಕ್ಕಿದ್ದು. ಒಂದು ಹೆಸರು ಮರಳಿ ಪಡೆಯಲು ಎರಡು ಸಾವಿರ ವರ್ಷ ದಾಟಿತು. ನಮ್ಮ ಸಾಫ್ಟ್‌ವೇರಿನವರೂ 'ದೂರು ದಾಖಲಾಗಿದೆ, ದಯವಿಟ್ಟು ಕಾಯಿರಿ' ಎಂದಿದ್ದಾರೆ. ತಮ್ಮನ್ನು ನೋಡಿ ಧೈರ್ಯ ತಂದುಕೊಂಡಿದ್ದೇನೆ.

ಇನ್ನೊಂದು ಸಂಗತಿಗೆ ಹೊಟ್ಟೆಕಿಚ್ಚಾಗುತ್ತದೆ. ಒಂದೇ ಒಕ್ಕಣೆಯನ್ನು ತಾವು ಮಸ್ಕಿಯಲ್ಲಿ, ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ, ಅತ್ತ ಬ್ರಹ್ಮಗಿರಿಯಲ್ಲಿ, ಹೀಗೆ ಊರೂರಿಗೆ ಹಂಚಿಟ್ಟಿರಿ. ನಮ್ಮಲ್ಲಿ ಮೂಲವೂ ಪ್ರತಿಯೂ ಒಂದೇ ಅಲಮಾರಿಯಲ್ಲಿವೆ, ಹುಡುಕುವವರಿಗೆ ಅನುಕೂಲವಾಗಲೆಂದು.

ಆದ್ದರಿಂದ ವಿನಂತಿ: ಬ್ರಹ್ಮಗಿರಿಯ ಶಾಸನದ ಕೊನೆಗೆ ರುಜು ಹಾಕಿದ ತಮ್ಮ ಲಿಪಿಕಾರ ಚಪಡನನ್ನು ನಿಯೋಜನೆಯ ಮೇರೆಗೆ ನಮ್ಮ ಕಚೇರಿಗೆ ಕಳಿಸಿಕೊಡಬೇಕು. ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ಬರೆಯುತ್ತ ಹೋಗಿ, ಕೊನೆಗೆ ತನ್ನ ಹುದ್ದೆಯನ್ನು ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೆ ಬರೆದ ಮಹಾನುಭಾವ. ಎರಡು ಫಾಂಟಿನ ಕಡತ ಅವನಿಗೆ ಲೆಕ್ಕಕ್ಕಿಲ್ಲ. ಪ್ರಯಾಣ ಭತ್ಯೆ ನಿಯಮಾನುಸಾರ.

ಸೋಮವಾರದೊಳಗೆ ಬಂದರೆ ಉಪಕಾರವಾಗುತ್ತದೆ. ರೈತರು ಅಂದು ಮತ್ತೆ ಬರುತ್ತಾರೆ. ಭತ್ತದ ನಾಟಿಗೆ ಹೊಸ ಸಾಲ ಬೇಕಂತೆ. ಹಳೆಯದು ಬಾಕಿಯಿಲ್ಲವೆಂಬ ಪತ್ರವನ್ನು ನಾವೇ ಕೊಡಬೇಕು, ಅದನ್ನು ನಮಗೇ ಸಲ್ಲಿಸಬೇಕು.

ಇಂತಿ ತಮ್ಮ ವಿಧೇಯ ಪ್ರಜೆ,
ಸಿಂಧನೂರು